ವಿಮಾನದಲ್ಲಿ ನಿದ್ದೆ ಮಾತ್ರೆ: ಡಾಕ್ಟರ ಚೀಟಿಯಿಂದ ಇಳಿದು ಮನೆ ಸೇರುವವರೆಗೆ

ಬೇಸಿಗೆ ಹತ್ತಿರವಾಗುತ್ತಿದ್ದಂತೆ ನಮ್ಮ ಔಷಧಿ ಅಂಗಡಿಯಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. "ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ಅಷ್ಟು ಹೊತ್ತು ಕುಳಿತಿರಲು ಆಗುವುದಿಲ್ಲ, ನಿದ್ದೆಗೊಂದು ಮಾತ್ರೆ ಕೊಡಿ." ಅದೇ ಪ್ರಶ್ನೆಯನ್ನು ಮಕ್ಕಳು ಅಲ್ಲಿಂದ ಫೋನಿನಲ್ಲಿ ಕೇಳುತ್ತಾರೆ: "ಅಮ್ಮನಿಗೆ ಒಂದು ಮಾತ್ರೆ ಕೊಟ್ಟುಬಿಡಿ, ಮಲಗಿಕೊಂಡೇ ಬಂದುಬಿಡಲಿ." ಕೌಂಟರಿನ ಹಿಂದೆ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಮಾತ್ರೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ನಿಮ್ಮನ್ನು ಪರೀಕ್ಷಿಸುವ ವೈದ್ಯರು. ಅವರ ಮುಂದೆ ಏನು ಹೇಳಬೇಕು, ಮಾತ್ರೆ ಕೈಗೆ ಬಂದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾನು ಹೇಳಬಲ್ಲೆ.

ಯಾವ ಮಾತ್ರೆಗಳ ವಿಚಾರ ಇದು?

ವೈದ್ಯರು ಬರೆದುಕೊಡುವ ನಿದ್ದೆ ಮಾತ್ರೆಗಳಲ್ಲಿ ಎರಡು ಗುಂಪುಗಳು ಮುಖ್ಯ. ಒಂದು, ಜೋಲ್ಪಿಡೆಮ್, ಎಸ್‌ಜೋಪಿಕ್ಲೋನ್‌ನಂಥವು. ಇವು ನಿದ್ದೆಗೆಂದೇ ಇರುವ ಮಾತ್ರೆಗಳು. ಇನ್ನೊಂದು, ಬೆಂಜೋಡಯಜಪೀನ್ ಗುಂಪು: ಆಲ್‌ಪ್ರಜೋಲಾಮ್, ಡಯಜಪಾಮ್, ಕ್ಲೋನಜಪಾಮ್, ನೈಟ್ರಜಪಾಮ್. ಇವು ಆತಂಕವನ್ನು ಕಡಿಮೆ ಮಾಡುತ್ತವೆ, ಜೊತೆಗೆ ನಿದ್ದೆಯನ್ನೂ ತರುತ್ತವೆ.

ಈ ಎರಡೂ ಗುಂಪುಗಳ ಮಾತ್ರೆಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಇವುಗಳಲ್ಲಿ ಹಲವು ಔಷಧಿ ಕಾನೂನಿನ 'ಶೆಡ್ಯೂಲ್ ಎಚ್1' ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಜೋಲ್ಪಿಡೆಮ್, ಆಲ್‌ಪ್ರಜೋಲಾಮ್, ಡಯಜಪಾಮ್ ಮಾದಕ ವಸ್ತು ನಿಯಂತ್ರಣದ 1985ರ ಕಾಯ್ದೆಯ ಪಟ್ಟಿಯಲ್ಲೂ ಇವೆ. ಆದ್ದರಿಂದ "ಪರಿಚಯದವರಲ್ಲವೇ, ಒಂದೆರಡು ಕೊಡಿ" ಎಂದು ಯಾರನ್ನೂ ಒತ್ತಾಯಿಸಬೇಡಿ.

ಅಲರ್ಜಿ, ನೆಗಡಿಗೆ ಕೊಡುವ ಫೆನಿರಮಿನ್, ಪ್ರೊಮೆಥಜಿನ್‌ನಂಥ ಮಾತ್ರೆಗಳಿಂದಲೂ ತೂಕಡಿಕೆ ಬರುತ್ತದೆ. ಅದನ್ನೇ ನಿದ್ದೆಗೆ ಬಳಸುವವರು ಬಹಳ ಜನ. ಆದರೆ ವಯಸ್ಸಾದವರಲ್ಲಿ ಇವು ಬಾಯಿ ಒಣಗಿಸುತ್ತವೆ, ಮೂತ್ರ ಕಟ್ಟಿಸುತ್ತವೆ, ಕೆಲವೊಮ್ಮೆ ಗೊಂದಲವನ್ನೂ ಉಂಟುಮಾಡುತ್ತವೆ. ಪ್ರಾಸ್ಟೇಟ್ ತೊಂದರೆ ಇರುವ ಯಜಮಾನರಿಗಂತೂ ವಿಮಾನದಲ್ಲಿ ಮೂತ್ರ ಕಟ್ಟಿದರೆ ಅದು ದೊಡ್ಡ ಸಂಕಟ. ಎಳೆಯ ಮಕ್ಕಳಿಗೆ "ಅಳದೆ ಮಲಗಲಿ" ಎಂದು ಪ್ರೊಮೆಥಜಿನ್ ಸಿರಪ್ ಕುಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಎರಡು ವರ್ಷದೊಳಗಿನ ಮಗುವಿಗೆ ಅದನ್ನು ಕೊಡಲೇಬಾರದು, ಉಸಿರಾಟವೇ ಕುಂಠಿತವಾಗಬಹುದು.

ಯಾರಿಗೆ ಬೇಡ?

ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಂತೆ ಇರುವುದಿಲ್ಲ. ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ. ಅಂದರೆ ನೀವು ಹತ್ತಾರು ಗಂಟೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೋ, ಅದಕ್ಕಿಂತ ಎತ್ತರದ ಊಟಿಯಲ್ಲೋ ಕುಳಿತಂತೆ. ಆರೋಗ್ಯವಂತರಿಗೆ ಇದು ತಿಳಿಯುವುದೂ ಇಲ್ಲ, ಆದರೆ ಎಲ್ಲರ ರಕ್ತದಲ್ಲೂ ಆಮ್ಲಜನಕ ಸ್ವಲ್ಪ ಇಳಿದಿರುತ್ತದೆ. ಅದರ ಮೇಲೆ ಉಸಿರಾಟವನ್ನು ನಿಧಾನಗೊಳಿಸುವ ಮಾತ್ರೆ ಬಿದ್ದರೆ ಶ್ವಾಸಕೋಶ ದುರ್ಬಲವಾಗಿರುವವರಿಗೆ ಅಪಾಯ.

ಹಾಗಾಗಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರು (ಇದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ), ತೀವ್ರ ಆಸ್ತಮಾ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು, ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು, ಹಿಂದೆ ನಿದ್ದೆಯಲ್ಲಿ ಎದ್ದು ಓಡಾಡಿದವರು, ಟ್ರಮಡಾಲ್‌ನಂಥ ನೋವಿನ ಮಾತ್ರೆ ಅಥವಾ ಕೋಡೀನ್ ಇರುವ ಕೆಮ್ಮಿನ ಸಿರಪ್ ತೆಗೆದುಕೊಳ್ಳುತ್ತಿರುವವರು ಈ ಮಾತ್ರೆಗಳಿಂದ ದೂರ ಇರುವುದು ಲೇಸು. ಕಾಲಿನ ರಕ್ತನಾಳದಲ್ಲಿ ಹಿಂದೊಮ್ಮೆ ರಕ್ತ ಹೆಪ್ಪುಗಟ್ಟಿದ್ದವರಿಗೂ ಇದೇ ಮಾತು. ಚಿಕ್ಕ ಮಗುವನ್ನು ಕರೆದುಕೊಂಡು ಒಬ್ಬರೇ ಹೋಗುತ್ತಿರುವ ತಾಯಂದಿರಿಗೆ ಕಾಯಿಲೆ ಏನೂ ಇರದಿರಬಹುದು. ಆದರೂ ಬೇಡ, ಮಗುವಿಗಾಗಿ ಎಚ್ಚರವಾಗಿರಲು ಅಲ್ಲಿ ಬೇರೆ ಯಾರೂ ಇರುವುದಿಲ್ಲ.

ಅರವತ್ತೈದು ದಾಟಿದವರ ವಿಷಯವನ್ನು ನಾನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನನ್ನಲ್ಲಿ ಕೇಳುವವರಲ್ಲಿ ಹೆಚ್ಚಿನವರು ಅವರೇ. ವೃದ್ಧರ ಆರೈಕೆಯ ವೈದ್ಯರು ಈ ಎರಡೂ ಗುಂಪಿನ ಮಾತ್ರೆಗಳನ್ನು ಸಾಧ್ಯವಾದಷ್ಟು ತಪ್ಪಿಸಿ ಎನ್ನುತ್ತಾರೆ. ವಯಸ್ಸಾದ ದೇಹದಿಂದ ಔಷಧಿ ನಿಧಾನವಾಗಿ ಹೊರಹೋಗುತ್ತದೆ. ನಡುರಾತ್ರಿ ಶೌಚಕ್ಕೆಂದು ಎದ್ದಾಗ ಕಾಲು ತಡವರಿಸುತ್ತದೆ. ಓಲಾಡುವ ವಿಮಾನದ ಕಿರಿದಾದ ಓಣಿಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ, ಮೊಮ್ಮಗುವನ್ನು ಎತ್ತಿಕೊಳ್ಳಲು ಹೊರಟವರು ಆಸ್ಪತ್ರೆ ಸೇರಬೇಕಾಗುತ್ತದೆ. ಒಂದು ರಾತ್ರಿ ನಿದ್ದೆ ಕೆಟ್ಟರೆ ಎರಡು ದಿನದಲ್ಲಿ ಸರಿಹೋಗುತ್ತದೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳೇ, ಮಾತ್ರೆಗಿಂತ ಮೊದಲು ಟಿಕೆಟ್ ಮಾಡಿಸುವಾಗ ಗಾಲಿಕುರ್ಚಿಯ ನೆರವು, ಓಣಿ ಪಕ್ಕದ ಸೀಟು, ವಿಮಾನ ಬದಲಿಸಲು ಮೂರ್ನಾಲ್ಕು ಗಂಟೆಯ ಬಿಡುವು ಇವನ್ನು ನೋಡಿಕೊಳ್ಳಿ. ಅರ್ಧ ಆಯಾಸ ಅಲ್ಲೇ ಕಳೆಯುತ್ತದೆ.

ಹಂತ 1: ಒಂದು ತಿಂಗಳು ಮೊದಲೇ ವೈದ್ಯರನ್ನು ಕಾಣಿ

ಹೊರಡುವ ಹಿಂದಿನ ದಿನ ಹೋಗಬೇಡಿ. ಮನೆಯಲ್ಲಿ ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ಆಯುರ್ವೇದದ್ದನ್ನೂ ಬಿಡಬೇಡಿ. ಫಂಗಸ್ ಸೋಂಕಿಗೆ ನುಂಗುವ ಇಟ್ರಾಕೊನಜೋಲ್ ಮಾತ್ರೆ ಆಲ್‌ಪ್ರಜೋಲಾಮಿನ ಜೊತೆ ಸೇರಿದರೆ ಅದರ ಪರಿಣಾಮ ಅಪಾಯಕಾರಿಯಾಗಿ ಹೆಚ್ಚುತ್ತದೆ. ಚರ್ಮದ ತುರಿಕೆಗೆ ಕೊಟ್ಟ ಮಾತ್ರೆಗೂ ನಿದ್ದೆಗೂ ಏನು ಸಂಬಂಧ ಎಂದು ಜನ ಅದನ್ನು ಹೇಳುವುದೇ ಇಲ್ಲ.

ವೈದ್ಯರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: "ಇದರ ಪರಿಣಾಮ ನನ್ನ ದೇಹದಿಂದ ಪೂರ್ತಿ ಇಳಿಯಲು ಎಷ್ಟು ಗಂಟೆ ಬೇಕು?" ಔಷಧಿಯ 'ಅರ್ಧಾಯು' ಎಂಬ ಮಾತು ಇಲ್ಲಿ ಬರುತ್ತದೆ. ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯಕ್ಕೆ ಹಾಗೆನ್ನುತ್ತಾರೆ. ಜೋಲ್ಪಿಡೆಮಿಗೆ ಅದು ಸುಮಾರು ಎರಡೂವರೆ ಗಂಟೆ, ಆಲ್‌ಪ್ರಜೋಲಾಮಿಗೆ ಸುಮಾರು 11 ಗಂಟೆ, ಕ್ಲೋನಜಪಾಮಿಗೆ 30ರಿಂದ 40 ಗಂಟೆ. ಕ್ಲೋನಜಪಾಮ್ ನುಂಗಿ ವಿಮಾನ ಹತ್ತಿದವರು ಇಳಿದ ಮರುದಿನವೂ ಮಂಕಾಗಿರುವುದಕ್ಕೆ ಕಾರಣ ಇದೇ.

ಪ್ರಮಾಣದ ಬಗ್ಗೆಯೂ ಕೇಳಿ. ಜೋಲ್ಪಿಡೆಮ್ ಹೆಂಗಸರ ದೇಹದಿಂದ ಗಂಡಸರಿಗಿಂತ ನಿಧಾನವಾಗಿ ಹೊರಹೋಗುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2013ರಲ್ಲಿ ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ವೃದ್ಧರಿಗೂ 5 ಮಿಲಿಗ್ರಾಂ ಸಾಕು ಎನ್ನುತ್ತಾರೆ. ಗಂಡನಿಗೆ ಬರೆದ 10 ಮಿಲಿಗ್ರಾಂ ಮಾತ್ರೆಯನ್ನೇ ಹೆಂಡತಿಯೂ ನುಂಗುವುದು ಸರಿಯಲ್ಲ. ಅಂಗಡಿಯಲ್ಲಿ ಮಾತ್ರೆ ಕೊಳ್ಳುವಾಗ ಸ್ಟ್ರಿಪ್ಪಿನ ಮೇಲೆ ಹೆಸರಿನ ಮುಂದೆ 'ಸಿಆರ್' ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ ಎಂದು ತಿಳಿಯಿರಿ. ಅದನ್ನು ಮುರಿಯಬಾರದು, ಅಗಿಯಬಾರದು.

ಆತಂಕಕ್ಕೋ ನಿದ್ರಾಹೀನತೆಗೋ ವರ್ಷಗಟ್ಟಲೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪ್ರಯಾಣದ ನೆಪದಲ್ಲಿ ಅದನ್ನು ಥಟ್ಟನೆ ನಿಲ್ಲಿಸಬೇಡಿ. ಬೆಂಜೋಡಯಜಪೀನ್ ದಿಢೀರನೆ ನಿಂತರೆ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಲ್ಲಿನ ಸಮಯಕ್ಕೆ ಮಾತ್ರೆಯನ್ನು ಹೇಗೆ ಹೊಂದಿಸಬೇಕು ಎಂದು ಕೇಳಿ ಬರೆಸಿಕೊಳ್ಳಿ.

ಹಂತ 2: ಮನೆಯಲ್ಲೇ ಒಮ್ಮೆ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಜೀವನದಲ್ಲಿ ಮೊದಲ ಸಲ ಈ ಮಾತ್ರೆಯನ್ನು ವಿಮಾನದಲ್ಲಿ ನುಂಗಬೇಡಿ. ವೈದ್ಯರ ಒಪ್ಪಿಗೆ ಪಡೆದು, ಹೊರಡುವುದಕ್ಕೆ ಒಂದೆರಡು ವಾರ ಮೊದಲು, ಮರುದಿನ ಗಾಡಿ ಓಡಿಸುವ ಅಥವಾ ಕಚೇರಿಗೆ ಹೋಗುವ ಕೆಲಸ ಇಲ್ಲದ ರಾತ್ರಿ, ಮನೆಯವರು ಜೊತೆಗಿರುವಾಗ ತೆಗೆದುಕೊಳ್ಳಿ.

ಎಷ್ಟು ಹೊತ್ತಿಗೆ ನಿದ್ದೆ ಬಂತು, ರಾತ್ರಿ ಎದ್ದಾಗ ತೂರಾಡಿದಿರೇ, ಬೆಳಿಗ್ಗೆ ಎಷ್ಟು ಗಂಟೆಗೆ ತಲೆ ತಿಳಿಯಾಯಿತು ಎಂದು ಬರೆದಿಡಿ. ಮನೆಯವರನ್ನೂ ಕೇಳಿ. ಕೆಲವರು ರಾತ್ರಿ ಎದ್ದು ಅಡುಗೆಮನೆಗೆ ಹೋಗಿ ಏನೋ ತಿಂದು, ಯಾರಿಗೋ ಫೋನ್ ಮಾಡಿ ಮತ್ತೆ ಮಲಗುತ್ತಾರೆ, ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ಜೋಲ್ಪಿಡೆಮ್ ಮತ್ತು ಅದೇ ಗುಂಪಿನ ಮಾತ್ರೆಗಳಿಗೆ 2019ರಲ್ಲಿ ಅಮೆರಿಕದಲ್ಲಿ ಅತ್ಯಂತ ಗಂಭೀರ ಮಟ್ಟದ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಆದೇಶಿಸಿದ್ದು ಇಂಥ ವರ್ತನೆಗಾಗಿಯೇ. ನಿಮ್ಮಲ್ಲಿ ಹೀಗೆ ಒಮ್ಮೆ ಆದರೂ ಆ ಮಾತ್ರೆ ನಿಮಗಲ್ಲ. ವೈದ್ಯರಿಗೆ ತಿಳಿಸಿ.

ಹಂತ 3: ಚೀಟಿ, ಸ್ಟ್ರಿಪ್, ಆ ದೇಶದ ಕಾನೂನು

ಚೀಟಿಯಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಮಾತ್ರೆಯ ಕಂಪನಿ ಹೆಸರಿನ ಜೊತೆ ಮೂಲ ಔಷಧಿಯ ಹೆಸರು, ಪ್ರಮಾಣ, ಯಾವ ತೊಂದರೆಗೆ ಎಂಬುದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರಲಿ. ಇಲ್ಲಿನ ಕಂಪನಿ ಹೆಸರು ಅಲ್ಲಿನ ಅಧಿಕಾರಿಗೆ ಏನೂ ಹೇಳುವುದಿಲ್ಲ.

ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಡಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ತುದಿ ಉಳಿಯಲಿ. ಅಂಗಡಿಯ ಬಿಲ್ಲನ್ನೂ ಇಟ್ಟುಕೊಳ್ಳಿ. ಇದೆಲ್ಲ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. ಮಗಳ ಮನೆಯವರಿಗೆಂದು ಬೇರೆಯವರ ಮಾತ್ರೆಗಳನ್ನು ಒಯ್ಯುವುದೂ ಬೇಡ.

ಯಾವ ದೇಶಕ್ಕೆ ಹೋಗುತ್ತೀರಿ ಎಂಬುದು ಮುಖ್ಯ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಅಂದರೆ ದುಬೈ, ಅಬುಧಾಬಿಗಳಲ್ಲಿ, ಆಲ್‌ಪ್ರಜೋಲಾಮ್, ಡಯಜಪಾಮ್, ಟ್ರಮಡಾಲ್, ಕೋಡೀನ್ ಎಲ್ಲವೂ ನಿಯಂತ್ರಿತ ವಸ್ತುಗಳು. ಆ ದೇಶದೊಳಗೆ ಹೋಗುವವರು ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. ವಿಮಾನ ಬದಲಿಸಲೆಂದು ಮಾತ್ರ ಇಳಿಯುವವರೂ ಚೀಟಿಯನ್ನು ಕೈಯಲ್ಲೇ ಇಟ್ಟುಕೊಳ್ಳಿ, ವಿಮಾನ ತಪ್ಪಿ ಹೋಟೆಲಿಗೆ ಹೊರಗೆ ಹೋಗಬೇಕಾಗಿ ಬಂದರೆ ನೀವೂ ದೇಶದೊಳಗೆ ಹೋದಂತೆಯೇ. ಸಿಂಗಪುರದಲ್ಲೂ ಇಂಥ ಕೆಲವು ಮಾತ್ರೆಗಳಿಗೆ ಮುಂಗಡ ಅನುಮತಿ ಬೇಕು. ಜಪಾನಿಗೆ ಒಂದು ತಿಂಗಳ ಬಳಕೆಗಿಂತ ಹೆಚ್ಚು ಒಯ್ಯುವುದಾದರೆ 'ಯುನ್ಯು ಕಾಕುನಿನ್‌ಶೋ' ಎಂಬ ಪ್ರಮಾಣಪತ್ರವನ್ನು ಹೊರಡುವ ಮೊದಲೇ ತರಿಸಿಕೊಳ್ಳಬೇಕು. ಅಮೆರಿಕದಲ್ಲಿ ಮೂಲ ಪ್ಯಾಕಿನಲ್ಲಿ, ಚೀಟಿಯೊಂದಿಗೆ, ನಿಮ್ಮ ಸ್ವಂತ ಬಳಕೆಗೆ ಬೇಕಾದಷ್ಟೇ ಇರಬೇಕು, ಕೇಳಿದಾಗ ಮುಚ್ಚಿಡದೆ ಹೇಳಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಮಾಡಿಸಿದ ದಿನವೇ ಆ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನು ನೋಡಿ.

ಹಂತ 4: ಇಳಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಎಲ್ಲರೂ ಲೆಕ್ಕ ತಪ್ಪುವುದು ಇಲ್ಲೇ. "ಹತ್ತಿದ ತಕ್ಷಣ ನುಂಗಿದರೆ ಪೂರ್ತಿ ನಿದ್ದೆ ಸಿಗುತ್ತದೆ" ಎಂದುಕೊಳ್ಳುತ್ತಾರೆ. ನೀವು ಎಣಿಸಬೇಕಾದದ್ದು ಮತ್ತೆ ಎಚ್ಚರವಾಗಿ, ಕಾಲ ಮೇಲೆ ನಿಂತು, ಕೇಳಿದ್ದಕ್ಕೆ ಉತ್ತರ ಕೊಡಬೇಕಾದ ಹೊತ್ತಿನಿಂದ. ಜೋಲ್ಪಿಡೆಮ್ ನುಂಗಿದರೆ ಅಡೆತಡೆ ಇಲ್ಲದ ಏಳೆಂಟು ಗಂಟೆ ಮುಂದಿರಬೇಕು.

ಉದಾಹರಣೆ ನೋಡಿ. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ. ಇಲ್ಲಿ ಮಾತ್ರೆಯ ಮಾತೇ ಬೇಡ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಸುಮಾರು ಹತ್ತು ಗಂಟೆ. ಕೇಳಲು ಸಾಕಷ್ಟಾಯಿತು ಅನ್ನಿಸುತ್ತದೆ. ಆದರೆ ಮೇಲೇರಿ, ಊಟ ಮುಗಿದು, ದೀಪ ಆರಿಸುವ ಹೊತ್ತಿಗೆ ಎರಡು ಗಂಟೆ ಕಳೆದಿರುತ್ತದೆ. ಇಳಿಯುವುದಕ್ಕೆ ಒಂದೂವರೆ, ಎರಡು ಗಂಟೆ ಮೊದಲೇ ತಿಂಡಿಗೆ ಎಬ್ಬಿಸುತ್ತಾರೆ. ಉಳಿದದ್ದು ಆರು ಗಂಟೆ. ಅಲ್ಲಿ ಇಳಿದು ಭದ್ರತಾ ತಪಾಸಣೆ ದಾಟಿ ಮುಂದಿನ ವಿಮಾನದ ಗೇಟು ಹುಡುಕಬೇಕು. ಈ ದಾರಿಯಲ್ಲೂ ಬೇಡ ಎಂದೇ ನನ್ನ ಸಲಹೆ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 16 ಗಂಟೆ. ವೈದ್ಯರು ಒಪ್ಪಿದ್ದರೆ, ತೆಗೆದುಕೊಳ್ಳಲು ತಕ್ಕ ಹಾರಾಟ ಇಂಥದ್ದು.

ವಿಮಾನ ನೆಲದ ಮೇಲಿರುವಾಗ ಎಂದೂ ನುಂಗಬೇಡಿ. ಬಾಗಿಲು ಮುಚ್ಚಿದ ಮೇಲೂ ಮಂಜಿಗೋ ಯಂತ್ರದೋಷಕ್ಕೋ ವಿಮಾನ ಗಂಟೆಗಟ್ಟಲೆ ನಿಲ್ಲಬಹುದು, ಎಲ್ಲರನ್ನೂ ಇಳಿಸಲೂಬಹುದು. ಮೇಲೇರಿ, ಸೀಟ್ ಬೆಲ್ಟಿನ ದೀಪ ಆರಿ, ಊಟ ಮುಗಿದು, ಶೌಚಕ್ಕೆ ಹೋಗಿ ಬಂದು, ಆಮೇಲೆ ನೀರಿನೊಂದಿಗೆ ನುಂಗಿ. ಹೊಟ್ಟೆ ತುಂಬಿದ್ದರೆ ಜೋಲ್ಪಿಡೆಮ್ ತಡವಾಗಿ ಕೆಲಸ ಮಾಡುತ್ತದೆ, ಆದ್ದರಿಂದ ಊಟ ಮಿತವಾಗಿರಲಿ. ಅರ್ಧ ಗಂಟೆಯಾದರೂ ನಿದ್ದೆ ಬರಲಿಲ್ಲವೆಂದು ಇನ್ನೊಂದನ್ನು ನುಂಗುವವರಿದ್ದಾರೆ. ಖಂಡಿತ ಮಾಡಬೇಡಿ. ಮೊದಲನೆಯದು ದಾರಿಯಲ್ಲಿರುತ್ತದೆ, ಎರಡೂ ಒಟ್ಟಿಗೆ ಬಂದು ಕೂರುತ್ತವೆ.

ಹಂತ 5: ಮದ್ಯದ ಜೊತೆ ಬೇಡವೇ ಬೇಡ

ಅಂತರರಾಷ್ಟ್ರೀಯ ವಿಮಾನಗಳಲ್ಲಿ ವೈನ್, ವಿಸ್ಕಿ ಹೆಚ್ಚಾಗಿ ಊಟದ ಜೊತೆಗೇ ಬರುತ್ತದೆ. "ಒಂದೇ ಗ್ಲಾಸು" ಎಂಬ ವಿನಾಯಿತಿ ಇಲ್ಲಿಲ್ಲ. ಮದ್ಯ, ಮಾತ್ರೆ ಎರಡೂ ಮಿದುಳನ್ನು ಒಂದೇ ಬಗೆಯಲ್ಲಿ ಮಂಕುಗೊಳಿಸುತ್ತವೆ. ಒಟ್ಟಿಗೆ ಸೇರಿದಾಗ ಉಸಿರಾಟ ಕುಗ್ಗುತ್ತದೆ, ನೆನಪು ಅಳಿಸಿಹೋಗುತ್ತದೆ. 1987ರಲ್ಲೇ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದಕ್ಕೆ 'ಪ್ರಯಾಣಿಕರ ಮರೆವು' ಎಂಬ ಹೆಸರು ಬಂದಿತ್ತು. ಟ್ರಯಾಜೋಲಾಮ್ ಎಂಬ ನಿದ್ದೆ ಮಾತ್ರೆ ತೆಗೆದುಕೊಂಡವರು ವಿಮಾನದಿಂದ ಇಳಿದು ಓಡಾಡಿದ್ದರೂ ಆ ಗಂಟೆಗಳ ನೆನಪೇ ಅವರಿಗೆ ಉಳಿದಿರಲಿಲ್ಲ. ಹತ್ತುವ ಮೊದಲು ಕುಡಿದಿದ್ದರೂ ಆ ಹಾರಾಟದಲ್ಲಿ ಮಾತ್ರೆ ಬೇಡ. ನೆಗಡಿಯ ಮಾತ್ರೆ, ಕೆಮ್ಮಿನ ಸಿರಪ್‌ಗಳನ್ನೂ ಇದರ ಜೊತೆ ಸೇರಿಸಬೇಡಿ.

ಹಂತ 6: ಸೀಟಿನಲ್ಲಿ

ಜೊತೆಯವರಿಗೆ ಹೇಳಿ, ಯಾರೂ ಇಲ್ಲದಿದ್ದರೆ ಗಗನಸಖಿಗೆ ಹೇಳಿ: "ನಾನು ನಿದ್ದೆ ಮಾತ್ರೆ ತೆಗೆದುಕೊಂಡಿದ್ದೇನೆ." ನಾಚಿಕೆಯ ವಿಷಯವೇನಲ್ಲ. ತುರ್ತು ಸಂದರ್ಭದಲ್ಲಿ ನಿಮ್ಮನ್ನು ಎಬ್ಬಿಸಬೇಕಾದವರು ಅವರೇ. ತುರ್ತು ಬಾಗಿಲಿನ ಸಾಲಿನಲ್ಲಿ ಸೀಟು ಸಿಕ್ಕಿದ್ದರೆ ಬದಲಿಸಿಕೊಳ್ಳಿ, ಅಲ್ಲಿ ಕುಳಿತವರು ಬಾಗಿಲು ತೆರೆಯಲು ನೆರವಾಗಬೇಕು. ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿಕೊಳ್ಳಿ.

ಕಾಲುಗಳನ್ನು ಮರೆಯಬೇಡಿ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕುಳಿತರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವರದಿ ಮಾಡಿತು. ಅಂಥ ಹಾರಾಟ ಮಾಡುವ ಆರು ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಇದು ಆಗುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಕುತ್ತು. ಸಹಜ ನಿದ್ದೆಯಲ್ಲಿ ನಾವು ಹೊರಳುತ್ತೇವೆ, ಕಾಲು ಜೋಮು ಹಿಡಿದರೆ ಎಚ್ಚರವಾಗುತ್ತದೆ. ಮಾತ್ರೆಯ ನಿದ್ದೆಯಲ್ಲಿ ಮುದುಡಿದ ಭಂಗಿಯಲ್ಲೇ ಗಂಟೆಗಳು ಕಳೆಯುತ್ತವೆ. ಆದ್ದರಿಂದ ಮಲಗುವ ಮೊದಲು ಮತ್ತು ಎದ್ದ ಮೇಲೆ ಓಣಿಯಲ್ಲಿ ನಡೆಯಿರಿ, ಪಾದವನ್ನು ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ, ಕಾಲಡಿಯ ಜಾಗಕ್ಕೆ ಚೀಲ ತುರುಕಬೇಡಿ. ವೈದ್ಯರು ಹೇಳಿದ್ದರೆ ಬಿಗಿಯಾದ ಉದ್ದ ಕಾಲುಚೀಲ ಧರಿಸಿ. ಇಳಿದ ಮೇಲಿನ ಒಂದೆರಡು ವಾರದಲ್ಲಿ ಒಂದು ಕಾಲು ಮಾತ್ರ ಊದಿ ನೋವಾದರೆ ಅಥವಾ ಏಕಾಏಕಿ ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಜೊತೆಯವರಿಗೆ ಒಂದು ಮಾತು. ಮಲಗಿದವರು ಭುಜ ಅಲುಗಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ಕೂಡಲೇ ಸಿಬ್ಬಂದಿಯನ್ನು ಕರೆಯಿರಿ. ವಿಮಾನದಲ್ಲಿ ಆಮ್ಲಜನಕ ಇರುತ್ತದೆ. ಸ್ಟ್ರಿಪ್ಪನ್ನು ತೋರಿಸಿ, ಎಷ್ಟು ಗಂಟೆಗೆ ಎಷ್ಟು ತೆಗೆದುಕೊಂಡರು ಎಂದು ಹೇಳಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಕಾಫಿ, ನೀರು ಹಾಕಬೇಡಿ.

ಹಂತ 7: ಇಳಿದ ಮೇಲೆ

ಆ ದಿನ ಕಾರು ಓಡಿಸಬೇಡಿ. ತಲೆ ತಿಳಿಯಾಗಿದೆ ಎಂದು ನಿಮಗೆ ಅನ್ನಿಸಿದರೂ ಬೇಡ. ವಲಸೆ ಅಧಿಕಾರಿಯ ಮುಂದೆ ನಿಲ್ಲುವ ಮೊದಲು ಮುಖ ತೊಳೆದು, ಮಗನ ವಿಳಾಸ, ಎಷ್ಟು ದಿನ ಇರುತ್ತೀರಿ ಎಂಬುದನ್ನು ಬರೆದ ಕಾಗದವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಚಲಿಸುವ ಮೆಟ್ಟಿಲ ಬದಲು ಲಿಫ್ಟ್ ಬಳಸಿ.

ಹಗಲು ರಾತ್ರಿ ಅದಲುಬದಲಾದ ಆ ಮೊದಲ ವಾರ ನಿದ್ದೆ ಹೇಗೂ ಕೆಡುತ್ತದೆ. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿದೆ. ಇದಕ್ಕೆ ಮದ್ದು ಹಗಲಿನ ಬೆಳಕು, ಅಲ್ಲಿನ ಹೊತ್ತಿಗೇ ಊಟ, ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗದಿರುವುದು. ವಿಮಾನಕ್ಕೆಂದು ಬರೆಸಿದ ಮಾತ್ರೆಯನ್ನು ಪ್ರತಿ ರಾತ್ರಿ ಮುಂದುವರಿಸಿದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಬಿಟ್ಟಾಗ ಮೊದಲಿಗಿಂತ ಕೆಟ್ಟದಾಗಿ ನಿದ್ದೆಗೆಡುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಸಿಗುವ ಮೆಲಟೋನಿನ್ ಬಗ್ಗೆ ಮಕ್ಕಳು ಹೇಳುತ್ತಾರೆ. ಕತ್ತಲಾಯಿತು ಎಂದು ದೇಹಕ್ಕೆ ತಿಳಿಸುವ ಹಾರ್ಮೋನು ಅದು, ಇಂಥ ಸಮಯ ಬದಲಾವಣೆಗೆ ಕೆಲವರಿಗೆ ಸಹಾಯಕ. ಆದರೆ ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಊರಿನಲ್ಲಿರುವಾಗಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಹಿಂದಿರುಗಿದ ಮೇಲೆ ಸ್ಟ್ರಿಪ್ಪಿನಲ್ಲಿ ನಾಲ್ಕೈದು ಮಾತ್ರೆ ಉಳಿದಿರುತ್ತವೆ. ಪಕ್ಕದ ಮನೆಯವರು ಮುಂದಿನ ತಿಂಗಳು ಲಂಡನ್ನಿಗೆ ಹೊರಟಿದ್ದಾರೆಂದು ಅವರಿಗೆ ಕೊಡಬೇಡಿ. ಅವರ ಗೊರಕೆ, ಅವರ ಬೇರೆ ಮಾತ್ರೆಗಳು ನಿಮಗೆ ಗೊತ್ತಿರುವುದಿಲ್ಲ. ಮೊಮ್ಮಕ್ಕಳ ಕೈಗೆ ಸಿಗದ ಬೀರುವಿನಲ್ಲಿಟ್ಟು, ಹಿಂತಿರುಗಿಸಲು ಆಗುತ್ತದೆಯೇ ಎಂದು ನೀವು ಕೊಂಡ ಅಂಗಡಿಯಲ್ಲೇ ಕೇಳಿ. ಆಗದಿದ್ದರೆ ಮಾತ್ರೆಗಳನ್ನು ಬಿಡಿಸಿ ಬಳಸಿದ ಕಾಫಿ ಪುಡಿಯ ಚರಟದಲ್ಲಿ ಕಲೆಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ.